ನನ್ನನ್ನು ಬಸ್ ಹತ್ತಿಸಿದ ಅತ್ತೆ

ನಮ್ಮ ಸೋದರತ್ತೆ ಮನೋಚಿಕಿತ್ಸೆಗೆ ಸಲ್ಲಿಸಿದ ಸೇವೆ ಇದುವರೆಗೆ ಯಾರ ಗಮನಕ್ಕೂ ಬಂದಿಲ್ಲ. ಬರದಿರುವುದೇ ಒಳ್ಳೆಯದು ಅಂತ ಜೇವರ್ಗಿ ಬಸ್ ಸ್ಟ್ಯಾಂಡಿನ ಕೆಲವು ಕಂಡಕ್ಟರುಗಳು ಹೇಳಬಹುದು. ನಾನು ಮಾತ್ರ ಹಾಗೆ ಹೇಳಲಾರೆ. ನಾನು ದಿನಾ ಬಸ್ಸಿನಲ್ಲಿ ಕೂತು ಶಾಲೆಗೆ ಹೋಗಿ ಪಾಠ ಹೇಳುತ್ತಿದ್ದೇನೆಂದರೆ ಅದರಲ್ಲಿ ಆಕೆಯ ಪಾಲು ಅರ್ಧಕ್ಕಿಂತ ಹೆಚ್ಚು.

ಹಿಂದಿನ ವರ್ಷ ಶಾಲೆ ಮುಗಿಸಿ ನಾನು ಮರಳುತ್ತಿದ್ದ ಬಸ್ಸು, ಅಡ್ಡ ಬಂದ ಎಮ್ಮೆಯನ್ನು ಉಳಿಸಲು ಹೋಗಿ ರಸ್ತೆ ಬದಿಯ ತಗ್ಗಿಗೆ ಉರುಳಿತು. ನನ್ನ ಎಡಗೈ ಮುರಿಯಿತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ತಾಯಿಯೊಬ್ಬರು ತೀರಿಹೋದರು. ಕೈಯೇನೋ ಎರಡು ತಿಂಗಳಲ್ಲಿ ಕೂಡಿಕೊಂಡಿತು. ಆದರೆ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿದರೂ ಎದೆ ಡವಡವ ಹೊಡೆದುಕೊಂಡು ಅಂಗೈ ಬೆವರುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಶಾಲೆ ಇರುವುದು ಹದಿನೆಂಟು ಕಿಲೋಮೀಟರ್ ದೂರ. ರಜೆ ಮುಗಿಯುತ್ತ ಬಂದಿತ್ತು. ಕೇಳಿದವರಿಗೆಲ್ಲ ಅವ್ವ "ವೀಕ್‌ನೆಸ್ ಅದರಿ" ಅಂತ ಹೇಳಿ ಬಾಗಿಲು ಮುಂದೆ ಮಾಡುತ್ತಿದ್ದಳು.

ಅಂಥ ಹೊತ್ತಿನಲ್ಲಿ ಇಜೇರಿಯಿಂದ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಎರಡು ದಿನ ಇದ್ದು ಹೋಗಲು ಬಂದಳು. ಎಂಟು ತಿಂಗಳು ಇದ್ದಳು!

ಬಂದವಳು ನನ್ನ ಮುಖ ನೋಡಿದಳು, ಅವ್ವನ ವೀಕ್‌ನೆಸ್ ಕಥೆ ಪೂರ್ತಿ ಕೇಳಿದಳು, ಆಮೇಲೆ ಒಂದೇ ಮಾತು ಅಂದಳು. "ಕೈ ಮುರದಾಗ ದವಾಖಾನಿಗೆ ಒಯ್ದೀರಿ. ಮನಸ್ ಮುರದಾಗ ಮೂಲ್ಯಾಗ ಕುಂದ್ರಿಸೀರೇನು?"

ಅಷ್ಟು ಹೇಳಿ ಸುಮ್ಮನಾಗಿದ್ದರೆ ಆಕೆ ನಮ್ಮ ಅತ್ತೆ ಹೇಗಾಗುತ್ತಿದ್ದಳು? ಸಂಜೆಯ ಹೊತ್ತಿಗೆ ಅಫಜಲಪುರದ ಬೀಗರಿಗೆ, ಆಳಂದದ ಚಿಗವ್ವನಿಗೆ, ಪುಂಡಿಪಲ್ಯ ಮಾರುವವಳಿಗೆ ನನ್ನ ಮನಸ್ಸು ಮುರಿದ ಸುದ್ದಿ ಮುಟ್ಟಿತ್ತು. ನಾನು ನಾಚಿಕೆಯಿಂದ ಸಾಯುವುದೊಂದು ಬಾಕಿ. ಆದರೆ ಮರುದಿನ ಪಲ್ಯ ಮಾರುವವಳು ಒಂದು ಕಟ್ಟು ಹೆಚ್ಚಿಗೆ ಕೊಟ್ಟು, ತನ್ನ ತಂಗಿಗೂ ಹೀಗೇ ಆಗಿತ್ತು, ಈಗ ಚಲೋ ಇದ್ದಾಳೆ ಅಂತ ಹೇಳಿ ಹೋದಳು. ಅವ್ವ ಮುಚ್ಚಿದ ಬಾಗಿಲ ಹಿಂದೆ ಇಂಥದ್ದು ಒಂದೂ ಬಂದಿರಲಿಲ್ಲ.

ಊರಿನ ಆಸ್ಪತ್ರೆಗೆ ವಾರಕ್ಕೊಮ್ಮೆ ಕಲಬುರಗಿಯಿಂದ ಒಬ್ಬ ಆಪ್ತಸಮಾಲೋಚಕಿ ಬರುತ್ತಿದ್ದಳು. ನನಗಿಂತ ಚಿಕ್ಕವಳು, ಮೆಲುದನಿಯ ಹುಡುಗಿ. ಅತ್ತೆ ನನ್ನನ್ನು ಕರೆದುಕೊಂಡು ಹೋಗಿ, ರೋಗಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ತಾನೇ ಕೂತಳು. ನಿದ್ದೆ ಬರುತ್ತದೆಯೇ ಅಂತ ಆ ಹುಡುಗಿ ನನ್ನನ್ನು ಕೇಳಿದರೆ ಉತ್ತರ ಬಂದದ್ದು ಅತ್ತೆಯಿಂದ. "ನನಗಂತೂ ಹಾಸಿಗಿ ಮುಟ್ಟಿದ್ರ ಸಾಕ್ರಿ, ಡಾಕ್ಟರಬಾಯಿ." ಹಸಿವೆಯ ಬಗ್ಗೆಯೂ ತನ್ನದೇ ವರದಿ ಒಪ್ಪಿಸಿದಳು. ಕೊನೆಗೆ ಆಕೆಯನ್ನು ನಯವಾಗಿ ಹೊರಗಿನ ಬೆಂಚಿಗೆ ಕಳಿಸಬೇಕಾಯಿತು. ಸೂಜಿಯಿಲ್ಲ, ಗುಳಿಗೆಯಿಲ್ಲ, ಬರೀ ಕೇಳುವುದಕ್ಕೂ ಒಬ್ಬರು ಓದಿ ಬರುತ್ತಾರೆಂಬುದು ಅತ್ತೆಗೆ ಬಹಳ ದಿನ ನಂಬಿಕೆಯಾಗಲಿಲ್ಲ.

ಬೆಂಚಿಗೆ ಕಳಿಸಿದ್ದು ದೊಡ್ಡ ತಪ್ಪಾಯಿತು. ಅಲ್ಲಿ ಸರದಿ ಕಾಯುತ್ತಿದ್ದವರಿಗೆಲ್ಲ ಅತ್ತೆ ಸ್ವಂತ ಚಿಕಿತ್ಸಾಲಯ ತೆರೆದಳು. ಮೂರನೆಯ ವಾರ ಇಬ್ಬರು ಹೆಂಗಸರು ಆಕೆಗೇ ಎಲ್ಲ ಹೇಳಿಕೊಂಡು, ಮನಸ್ಸು ಹಗುರಾಯಿತೆಂದು ಎದ್ದು ಮನೆಗೆ ಹೋಗಿಬಿಟ್ಟರು! ಆಪ್ತಸಮಾಲೋಚಕಿ ಹೊರಗೆ ಬಂದು ಅತ್ತೆಯ ಪಕ್ಕ ಕೂತಳು. ಕೇಳುವುದು ಒಳ್ಳೆಯದೇ, ಆದರೆ ಕೇಳಿದ ಕೂಡಲೇ ಬುದ್ಧಿ ಹೇಳಬಾರದು, ಒಳಗೆ ಕಳಿಸುವುದನ್ನೂ ಮರೆಯಬಾರದು ಅಂತ ತಿಳಿಸಿ ಹೇಳಿದಳು. ಬುದ್ಧಿ ಹೇಳಬಾರದೆಂಬ ಮಾತಿಗೆ ಅತ್ತೆ ಎರಡು ದಿನ ಮುನಿಸಿಕೊಂಡಿದ್ದಳು.

ಆಮೇಲೆ ಬಂತು ಬಸ್ಸಿನ ಅಭ್ಯಾಸ. ಹೆದರಿಕೆಯ ಹತ್ತಿರ ಸ್ವಲ್ಪ ಸ್ವಲ್ಪವೇ ಹೋಗಬೇಕು ಎಂಬುದು ಲೆಕ್ಕ. ಮೊದಲ ವಾರ ಬಸ್ ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ಕೂತು ಬರುವುದು, ಎರಡನೆಯ ವಾರ ನಿಂತ ಬಸ್ ಹತ್ತಿ ಇಳಿಯುವುದು, ಮೂರನೆಯ ವಾರ ಮೊದಲ ನಿಲ್ದಾಣದವರೆಗೆ ಹೋಗುವುದು. ಅತ್ತೆ ಇದನ್ನು ತನ್ನ ಲಿಂಗಪೂಜೆಯಷ್ಟೇ ನಿಷ್ಠೆಯಿಂದ ಹಿಡಿದಳು. ದಿನಾ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನನ್ನನ್ನು ಹೊರಡಿಸುತ್ತಿದ್ದಳು. ಯಾವ ಊರಿಗೆ ಹೊರಟಿರೆಂದು ಕೇಳಿದವರಿಗೆ, ಯಾವ ಊರಿಗೂ ಇಲ್ಲ, ಕೂಡಲು ಬಂದಿದ್ದೇವೆ ಅಂತ ಗಂಭೀರವಾಗಿ ಹೇಳುತ್ತಿದ್ದಳು.

ಎರಡನೆಯ ವಾರ ನಿಂತ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಕಂಬಿಯನ್ನು ಎರಡೂ ಕೈಯಿಂದ ಹಿಡಿದೆ. ಕಂಡಕ್ಟರ್ ಮಷಿನ್ ಹಿಡಿದು ಬಂದ.

"ಎಲ್ಲಿಗ್ರಿ?"

"ಇಲ್ಲಿಗೇರಿ," ಅಂದಳು ಅತ್ತೆ.

"ಇಲ್ಲಿಗೆ ಟಿಕೀಟ್ ಬರೂದಿಲ್ರಿ ಅವ್ವಾರ."

"ಹತ್ತಿ ಇಳಿಯಾಕೂ ಆಧಾರ್ ಕಾರ್ಡ್ ತೋರಿಸ್ಬೇಕೇನ್ರಿ ಮತ್ತ?"

ಹೆಂಗಸರಿಗೆ ಪುಕ್ಕಟೆ ಟಿಕೆಟ್ ಬಂದಮೇಲೆ ಎಂಥೆಂಥ ಪ್ರಯಾಣಿಕರನ್ನೋ ಕಂಡಿದ್ದ ಆತ ಇಂಥವರನ್ನು ಕಂಡಿರಲಿಲ್ಲ. ಅತ್ತೆ ಆತನಿಗೆ ಉರುಳಿದ ಬಸ್ಸಿನಿಂದ ಹಿಡಿದು ನನ್ನ ಅಂಗೈ ಬೆವರಿನವರೆಗೆ ಎಲ್ಲ ವಿವರಿಸಿದಳು. ಇಡೀ ಬಸ್ಸು ಕೇಳಿಸಿಕೊಂಡಿತು. ನಾನು ನೆಲ ನೋಡುತ್ತ ನಿಂತಿದ್ದೆ. ಬೈಯುತ್ತಾನೆ ಅಂದುಕೊಂಡರೆ ಆತ ಮುಂದೆ ಹೋಗಿ ಡ್ರೈವರನಿಗೆ ಏನೋ ಹೇಳಿದ. ನಡುಗುತ್ತಿದ್ದ ಎಂಜಿನ್ ಬಂದ್ ಆಯಿತು. "ಸಾವಕಾಶ ಇಳೀರಿ ಟೀಚರ್. ನಮಗ ಇನ್ನ ಟೈಮ್ ಅದ," ಅಂದ. ಟೈಮ್ ಇರಲಿಲ್ಲ ಅಂತ ಸ್ಟ್ಯಾಂಡಿನ ಗೋಡೆಯ ಗಡಿಯಾರ ನೋಡಿದ ನನಗೆ ಗೊತ್ತು. ಆ ವಾರ ಮುಗಿಯುವುದರೊಳಗೆ ಸ್ಟ್ಯಾಂಡಿನ ಬಾಳೆಹಣ್ಣಿನವನೂ ನಾನು ಎಷ್ಟು ಮೆಟ್ಟಿಲು ಹತ್ತಿದೆನೆಂದು ವಿಚಾರಿಸತೊಡಗಿದ್ದ!

ಮೂರನೆಯ ವಾರ ಬಸ್ಸು ಚಲಿಸಿತು. ಅತ್ತೆ ನನ್ನನ್ನು ಕಿಟಕಿ ಪಕ್ಕ ಕೂರಿಸಿದ್ದಳು, ಗಾಳಿಗೆ ಚಲೋ ಅಂತ. ನನಗೆ ಅಳು ಒತ್ತರಿಸಿ ಬಂತು. ಆಪ್ತಸಮಾಲೋಚಕಿಗೂ ಅಲ್ಲಿಯವರೆಗೆ ಹೇಳದಿದ್ದುದನ್ನು ಅತ್ತೆಗೆ ಹೇಳಿದೆ. ಆವತ್ತು ಕಿಟಕಿ ಪಕ್ಕ ಕೂತಿದ್ದವಳು ನಾನು. ಆ ತಾಯಿ ಹೊಟ್ಟೆ ತೊಳಸುತ್ತದೆ ಅಂದಾಗ ನಾನೇ ಎದ್ದು ಆ ಜಾಗ ಕೊಟ್ಟೆ. ಬಸ್ಸು ಉರುಳಿದ್ದು ಅದೇ ಮಗ್ಗುಲಿಗೆ.

ಜಗತ್ತಿನ ಎಲ್ಲದಕ್ಕೂ ಬುದ್ಧಿಮಾತು ಇಟ್ಟುಕೊಂಡಿದ್ದ ನಮ್ಮ ಅತ್ತೆ ಒಂದನ್ನೂ ಹೇಳಲಿಲ್ಲ. ವಿಧಿ ಅನ್ನಲಿಲ್ಲ, ಅಳಬೇಡ ಅನ್ನಲಿಲ್ಲ. ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, "ಇಷ್ಟ ದಿನ ಇದನ್ನ ಒಬ್ಬಾಕಿನೇ ಹೊತ್ತಿದ್ದಿಯೇನ ಬೇ?" ಅಂದಳು. ಆ ವಾರ ನಾನಾಗಿಯೇ ಆಪ್ತಸಮಾಲೋಚಕಿಗೂ ಅದನ್ನು ಹೇಳಿದೆ. ಮುಂದೆ ಹಲವು ವಾರ ನಾವು ಆ ಕಿಟಕಿಯ ಬಗ್ಗೆಯೇ ಮಾತಾಡಿದೆವು. ಒಂದು ಜಾಗ ಬಿಟ್ಟುಕೊಟ್ಟದ್ದು ಕರುಣೆಯೇ ಹೊರತು ಕೊಲೆಯಲ್ಲ ಅನ್ನುವುದನ್ನು ನನ್ನ ಮನಸ್ಸು ನಿಧಾನಕ್ಕೆ ಒಪ್ಪಿತು. ಮತ್ತೆ ಮತ್ತೆ ಮುಂದುವರಿಸಿದ್ದ ರಜೆ ಮುಗಿಸಿ ನಾನು ಶಾಲೆಗೆ ಮರಳಿದೆ.

ಎಂಟನೆಯ ತಿಂಗಳ ಒಂದು ಭಾನುವಾರ ಅತ್ತೆಯನ್ನು ಇಜೇರಿಗೆ ಬಿಡಲು ನಾನೇ ಬಸ್ಸಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಆಕೆಯದು ಒಂದೇ ಸಮನೆ ಮಾತು. ನಡುವೆ ಒಂದು ಸಣ್ಣ ಹಳ್ಳದ ಸೇತುವೆ ಬಂತು. ಅತ್ತೆ ತಟ್ಟನೆ ಸುಮ್ಮನಾದಳು. ಏನಾಯಿತೆಂದು ನಾನು ಆಕೆಯ ಕಡೆ ತಿರುಗಿದೆ.

"ಆಗ ಇಲ್ಲಿ ಸೇತುವಿ ಇರಲಿಲ್ಲ," ಅಂದಳು. "ಹಳ್ಳ ತುಂಬಿತ್ತು. ನನ್ನ ಮಗಳಿಗೆ ಜ್ವರ. ಈ ದಂಡ್ಯಾಗ ಗಾಡ್ಯಾಗ ಕುಂತಿದ್ವಿ, ನೀರ ಇಳೀಲಿ ಅಂತ."

ಅತ್ತೆಗೆ ಮಗಳೊಬ್ಬಳು ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ನೆನೆಸಿದಷ್ಟೂ ದುಃಖ ಹೆಚ್ಚು, ಆ ಹೆಸರೇ ಎತ್ತಬೇಡ ಅಂತ ಮನೆಯವರು ಆಗ ಕಟ್ಟಪ್ಪಣೆ ಮಾಡಿದ್ದರಂತೆ. ನಲವತ್ತು ವರ್ಷ ಆಕೆ ಲೋಕದ ಎಲ್ಲದರ ಬಗ್ಗೆ ಮಾತಾಡಿದ್ದಳು, ಇದೊಂದನ್ನು ಬಿಟ್ಟು.

ನನ್ನ ಬಾಯಿಗೆ ಸಮಾಧಾನದ ಮಾತು ಬಂತು. ಅದನ್ನು ನುಂಗಿಕೊಂಡೆ.

"ಆಕಿ ಹೆಸರ ಏನಿತ್ತು, ಅತ್ತಿ?"

"ನೀಲವ್ವ," ಅಂದಳು. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, "ನೀಲವ್ವ."

ಆಮೇಲೆ ನೀಲವ್ವನ ಗುಂಗುರು ಕೂದಲು, ಬೆಲ್ಲ ಕದ್ದು ತಿನ್ನುವ ಚಾಳಿ, ಮೇಕೆಮರಿಯ ಜೊತೆ ಆಡುತ್ತಿದ್ದ ಜಗಳ ಒಂದೊಂದಾಗಿ ಬಂದವು. ಅತ್ತೆ ಅಳುತ್ತಿದ್ದಳು, ನಡುನಡುವೆ ನಗುತ್ತಿದ್ದಳು. ಇಜೇರಿ ಬಂದದ್ದು ಆಕೆಗೆ ತಿಳಿಯಲಿಲ್ಲ. ಇಳಿಯುವವರು ಇಳಿದರು. ಕಂಡಕ್ಟರ್ ನಮ್ಮ ಕಡೆ ನೋಡಿದ.

ನಾನು ಎರಡು ಬೆರಳು ಎತ್ತಿ, ಮುಂದಿನ ಊರಿಗೆ ಅಂದೆ.