ಗಾರಿಕಾಯಿಯ ತಂತಿ ಸಿಂಹ

"ಇದು ಸಿಂಹವೇನಯ್ಯಾ? ಕಣ್ಣು ಬಿಟ್ಟು ನೋಡು, ಬೀದಿನಾಯಿ! ನನ್ನ ಕುಲದ ಮಾನ ಕಳೆಯೋಕೆ ಹದಿನೈದು ದಿನ ಬೇಕಾಯ್ತಾ ನಿಂಗೆ?"

ಹರಾರೆಯ ಹೊರಗಿನ ಬಸ್ ನಿಲ್ದಾಣದಲ್ಲಿ ಹಿಟ್ಟಿನ ಗಿರಣಿಯ ಮುಡ್ಜಿಂಗ್ವಾ ಅರಚುತ್ತಿದ್ದ. ಅಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಪ್ರಾಣಿ; ಅವನದು ಸಿಂಹದ ಕುಲ. ಗಿರಣಿಯ ಬಾಗಿಲಲ್ಲಿ ನಿಲ್ಲಿಸಲು ತಂತಿಯ ಸಿಂಹ ಮಾಡಲು ತಂತಿ ಕೆಲಸದ ಗಾರಿಕಾಯಿಗೆ ಹೇಳಿದ್ದ. ಬದಲಿಗೆ ಒಂದು ಮೂಟೆ ಮೆಕ್ಕೆಜೋಳದ ಹಿಟ್ಟು ಕೊಡುವ ಮಾತಾಗಿತ್ತು. ಮೂಟೆ ಅವನ ಸೈಕಲ್ಲಿನ ಹಿಂದೆ ಕೂತಿತ್ತು. ಗಾರಿಕಾಯಿಯ ಕಣ್ಣೂ ಅದರ ಮೇಲೆಯೇ ಕೂತಿತ್ತು. ಹಿಟ್ಟಿಲ್ಲದೆ ಬಂದರೆ ಮನೆಯೊಳಗೆ ಕಾಲಿಡಬೇಡ ಎಂದು ಹೆಂಡತಿ ಹೇಳಿ ಕಳಿಸಿದ್ದಳು.

"ಸಂಜೆ ಬರ್ತೀನಿ. ಅಷ್ಟರಲ್ಲಿ ಸಿಂಹ ಆಗಿರಬೇಕು!" ಎಂದು ಮುಡ್ಜಿಂಗ್ವಾ ಮೂಟೆ ಸಮೇತ ಹೊರಟ.

ಅವನು ಹೋದದ್ದೇ ತಡ, ಪಕ್ಕದಲ್ಲಿ ಕಲ್ಲು ಕೆತ್ತುವ ಜ್ವಿಡ್ಜಾಯಿ ಅಜ್ಜ ಎದ್ದು ಬಂದ. "ಜೂಲು ಸಾಲದು ಕಣೋ. ಇನ್ನೂ ಸುತ್ತು."

"ತಂತಿ ಮುಗೀತು ಅಜ್ಜಾ."

"ಹೊಟ್ಟೇದು ಬಿಚ್ಚು. ಸಿಂಹಕ್ಕೆ ಹೊಟ್ಟೆ ಯಾಕೆ?"

ಬಿಚ್ಚಿ ಸುತ್ತಿದ. ಟೊಮೆಟೊ ಮಾರುವ ಮಾಯಿ ತಂಬು ಮೂಗು ಮುರಿದಳು. "ಅಯ್ಯೋ, ಉಪವಾಸ ಬಿದ್ದವನ ಹಾಗಿದೆ. ಮೂತಿನಾದ್ರೂ ಅಗಲ ಮಾಡಪ್ಪಾ."

ಇಕ್ಕಳ ಹಾಕಿ ಅಗಲ ಮಾಡಿದ. ಸಂಜೆಯಾಗುವಷ್ಟರಲ್ಲಿ ಎಲೆಕೋಸಿನೊಳಗೆ ತಲೆ ಸಿಕ್ಕಿಸಿಕೊಂಡಂಥ ಒಂದು ಪ್ರಾಣಿ ನಿಂತಿತ್ತು. ಅದು ಯಾವುದೆಂದು ಗಾರಿಕಾಯಿಗೇ ತಿಳಿಯಲಿಲ್ಲ. ಬಸ್ಸಿನ ಕಿಟಕಿಯಿಂದ ಹೆಂಗಸೊಬ್ಬಳು ಕೂಗಿದಳು: "ಆ ಕುರಿ ಕೊಡ್ತೀಯೇನಪ್ಪಾ?"

ಅದೇ ಹೊತ್ತಿಗೆ ಮುಡ್ಜಿಂಗ್ವಾ ಸೈಕಲ್ಲಿಂದ ಇಳಿದ. "ಬೆಳಿಗ್ಗೆ ನಾಯಿ, ಈಗ ಕುರಿ! ನಾಳೆ ಕೋಳಿ ಮಾಡ್ತೀಯಾ?" ಎಂದು ಸೈಕಲ್ ತಿರುಗಿಸಿದ. ಮೂಟೆಯೂ ತಿರುಗಿತು.

ಮಾಯಿ ತಂಬು ಗಾರಿಕಾಯಿಯ ಪಕ್ಕೆ ತಿವಿದಳು. "ನಾನೂ ನಿಮ್ಮ ಕುಲದವನೇ ಅನ್ನು! ಕರಗ್ತಾನೆ."

ಗಾರಿಕಾಯಿ ಅಪ್ಪಟ ಮಂಗದ ಕುಲದವನು. ಆದರೂ ಬಾಯಿ ಬಿಟ್ಟ: "ಹಿರಿಯರೇ, ನಾನೂ ಸಿಂಹದವನೇ. ನನ್ನ ಕುಲಕ್ಕೆ ನಾನೇ ಅವಮಾನ ಮಾಡ್ತೀನಾ?"

ಮುಡ್ಜಿಂಗ್ವಾ ನಿಂತ. ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸಿದ. ಅವನ ಕಣ್ಣಲ್ಲಿ ನೀರಾಡಿತು. "ಮೊದಲೇ ಹೇಳಬಾರದಿತ್ತಾ? ಹಾಗಾದ್ರೆ ನೀನು ನನ್ನ ಮಗ ಆಗಬೇಕು!" ಮತ್ತೆ ಸಿಂಹವನ್ನು ನೋಡಿದ. "ಆಹಾ, ಜೂಲು! ನಮ್ಮಪ್ಪನ ಗಡ್ಡವೇ!"

ಸಿಂಹವನ್ನೆತ್ತಿ ಮೂಟೆಯ ಮೇಲೆ ಕೂರಿಸಿ ಹಗ್ಗ ಬಿಗಿದ.

"ಮೂಟೆ...?" ಎಂದ ಗಾರಿಕಾಯಿ.

"ಯಾವ ಮೂಟೆ?"

"ಹಿಟ್ಟಿನ ಮೂಟೆ. ಸಿಂಹಕ್ಕೆ ಬದಲು..."

"ಛೀ ಛೀ! ಅದು ಹೊರಗಿನವರಿಗೆ ಮಗನೇ. ಅಪ್ಪ ಮಗನ ನಡುವೆ ವ್ಯಾಪಾರವಾ? ಊರಿಗೆ ಗೊತ್ತಾದ್ರೆ ನಗ್ತಾರೆ."

"ಸುಳ್ಳು ಹೇಳಿದೆ ಸ್ವಾಮೀ! ನಾನು ಮಂಗದ ಕುಲ! ನಮ್ಮಜ್ಜನೂ ಮಂಗ!"

ಮುಡ್ಜಿಂಗ್ವಾ ಹೊಟ್ಟೆ ಹಿಡಿದು ನಕ್ಕ. "ನೋಡಿದ್ರಾ, ಆಗಲೇ ಅಪ್ಪನ ಹತ್ರ ಸಲಿಗೆ!" ಎಂದು ಪೆಡಲ್ ತುಳಿದ.

ಗಾರಿಕಾಯಿ ರಸ್ತೆ ತಿರುವಿನವರೆಗೆ ಓಡಿದ. ಸೈಕಲ್ ಆಗಲೇ ಇಳಿಜಾರು ಹಿಡಿದಿತ್ತು. ಆಮೇಲೆ ಮುಡ್ಜಿಂಗ್ವಾ ಆ ನಿಲ್ದಾಣದ ಕಡೆ ತಲೆ ಹಾಕಲಿಲ್ಲ.