ನನ್ನ ಕೈಗುಣಕ್ಕೊಂದು ಪರೀಕ್ಷೆ

ನಮ್ಮ ಮನೆಯ ಬಟ್ಟೆ ಒಗೆಯುವ ಮೆಷಿನ್ ನನ್ನ ಏಟಿಗೆ ಮಾತ್ರ ಬಗ್ಗುತ್ತದೆ, ಯಾರ ಮುಂದೆ ಬೇಕಾದರೂ ಸಾಬೀತು ಮಾಡುತ್ತೇನೆ ಎಂದು ಸೊಸೆಗೆ ಸವಾಲು ಹಾಕಿಬಿಟ್ಟೆ! ತೀರಿಹೋದ ನಮ್ಮ ಯಜಮಾನರು ತಂದ ಮೆಷಿನ್ ಅದು. ಒಗೆಯುತ್ತ ಒಗೆಯುತ್ತ ಗಕ್ಕನೆ ನಿಲ್ಲುತ್ತದೆ. ನಾನು ಪಕ್ಕೆಗೊಂದು ಬಾರಿಸಿದೆನೋ, ಗುರ್ರೆಂದು ಹೊರಡುತ್ತದೆ.

"ಅದು ತಾನಾಗೇ ಹೊರಡೋದು ಅತ್ತೆ. ನಿಮ್ಮ ಏಟಿಗಲ್ಲ. ಗುಜರಿಯವನಿಗೆ ಹೇಳ್ತೀನಿ," ಎಂದಳು ಸೊಸೆ.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವ ಮೊಮ್ಮಗಳು ನಡುವೆ ಬಂದಳು. "ಜಗಳ ಯಾಕೆ? ನಂಗೂ ಒಂದು ಪ್ರಯೋಗ ಮಾಡಿ ಒಪ್ಪಿಸ್ಬೇಕು. ಅಜ್ಜಿ ಏಟನ್ನೇ ಪರೀಕ್ಷೆ ಮಾಡೋಣ. ಏಟಿಂದ ಏನೂ ಆಗಲ್ಲ ಅಂತ ಮೊದಲು ಅಂದ್ಕೋಬೇಕು. ಅದು ಶೂನ್ಯ ಕಲ್ಪನೆ."

"ಶುರುವಲ್ಲೇ ನನ್ನನ್ನ ಸೊನ್ನೆ ಮಾಡ್ತೀಯೇನೇ!"

"ಅದನ್ನ ತಳ್ಳಿಹಾಕೋಷ್ಟು ಸಾಕ್ಷಿ ಸಿಕ್ರೆ ಗೆದ್ದೆ ಅಜ್ಜಿ. ಮೆಷಿನ್ ಉಳೀತು."

ಮೆಷಿನ್ ನಿಂತಾಗಲೆಲ್ಲ ನಾಣ್ಯ ಚಿಮ್ಮುವುದು. ಹೆಡ್ ಬಿದ್ದರೆ ನಾನು ಬಾರಿಸಬೇಕು. ಇಲ್ಲದಿದ್ದರೆ ಒಂದು ನಿಮಿಷ ಕೈಕಟ್ಟಿ ಕೂತು, ತಾನಾಗೇ ಹೊರಡುತ್ತದೋ ನೋಡಬೇಕು.

ಕೈಕಟ್ಟಿ ಕೂರುವುದು! ನಾನು! ಯಜಮಾನರ ಮೆಷಿನ್ ಉಸಿರುಗಟ್ಟಿದವರ ಹಾಗೆ ನರಳುತ್ತಿದೆ, ನನ್ನ ಅಂಗೈ ತುರಿಸುತ್ತಿದೆ. ಕೂತೆ, ಎದ್ದೆ, ಕನ್ನಡಕ ಒರೆಸಿದೆ, ಮತ್ತೆ ಕೂತೆ. ಮೊಮ್ಮಗಳು ಗಡಿಯಾರದ ಕಡೆ ತಿರುಗಿದ್ದೇ ತಡ, ಮೊಣಕಾಲಲ್ಲಿ ಒಂದು ಕೊಟ್ಟೆ. ಹೊರಟೇಬಿಟ್ಟಿತು! ಆಮೇಲೆ ಕಾಯುವ ಸರದಿ ಬಂದಾಗಲೆಲ್ಲ ಅದೇ ಕಥೆ. ಕೊಳೆ ಬಟ್ಟೆ ಮುಗಿದು, ಒಗೆದಿಟ್ಟ ಪರದೆಗಳನ್ನೇ ಮತ್ತೆ ತುಂಬಿದೆವು.

ಸಂಜೆ ಮೊಮ್ಮಗಳು ಲೆಕ್ಕ ಹಾಕಿ ಮುಖ ಸಪ್ಪಗೆ ಮಾಡಿದಳು. "ಹೊಡೆದರೂ ಹೊರಡುತ್ತೆ, ಹೊಡೀದಿದ್ರೂ ಹೊರಡುತ್ತೆ. ಶೂನ್ಯ ಕಲ್ಪನೆ ತಳ್ಳಿಹಾಕೋಕೆ ಸಾಕ್ಷಿ ಸಾಲದು ಅಜ್ಜಿ."

"ಸಾಲದಿದ್ರೆ ಇನ್ನೆರಡು ಏಟು ಕೊಡ್ಲೇನೇ?"

ಸೊಸೆ ಆಗಲೇ ಗುಜರಿಯವನಿಗೆ ಫೋನು ಹಚ್ಚುತ್ತಿದ್ದಳು. ನಾನು ಫೋನಿಗೆ ಕೈ ಅಡ್ಡ ಹಿಡಿದೆ.

"ತಡಿಯೇ! ಹೊಡೀದೆ ಇದ್ದಾಗ್ಲೂ ನಾನು ಒದ್ದಿದ್ದೀನಿ!"

"ಅಜ್ಜೀ!" ಮೊಮ್ಮಗಳು ತಲೆ ಮೇಲೆ ಕೈಹೊತ್ತು ಕೂತಳು. "ಎಲ್ಲಾ ಮೊದಲಿಂದ ಮಾಡ್ಬೇಕು. ನೀನು ಮಾತ್ರ ಹೊರಗೆ!"

ಮರುದಿನ ನನ್ನನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡರು. ಬಾಗಿಲಿಗೆ ಕಿವಿಕೊಟ್ಟೆ, ಕಿಟಕಿಗೆ ಓಡಿದೆ, ಮತ್ತೆ ಬಾಗಿಲಿಗೆ. ಪ್ರಸವದ ಕೋಣೆಯ ಹೊರಗೆ ನಿಂತ ಗಂಡಸಿಗೂ ಅಷ್ಟು ಚಡಪಡಿಕೆ ಇರಲಾರದು!

ಕೊನೆಗೆ ಮೊಮ್ಮಗಳು ಕುಣಿಯುತ್ತ ಬಂದಳು. "ಸುಮ್ನೆ ಬಿಟ್ರೆ ಹೊರಡೋದೇ ಅಪರೂಪ, ಹೊಡೆದರೆ ಹೆಚ್ಚುಕಮ್ಮಿ ಪ್ರತಿ ಸಲ! ಶೂನ್ಯ ಕಲ್ಪನೆ ಬಿತ್ತು. ಮೆಷಿನ್ ಉಳೀತು!"

"ನೋಡಿದ್ಯಾ ನನ್ನ ಕೈಗುಣ!" ಎಂದು ಸೊಸೆಯತ್ತ ತಿರುಗಿ ಎದೆಯುಬ್ಬಿಸಿದೆ.

"ನಿನ್ನ ಕೈ ಎಲ್ಲಿತ್ತಜ್ಜಿ? ಇವತ್ತು ಹೊಡೆದಿದ್ದೆಲ್ಲ ಅಮ್ಮ!"

ಈಗ ಮೆಷಿನ್ ನಿಂತರೆ ನನ್ನನ್ನು ಕರೆಯುವವರೇ ಇಲ್ಲ. ಸೊಸೆಯೇ ಓಡಿಹೋಗಿ ಫಟಾರೆಂದು ಬಾರಿಸುತ್ತಾಳೆ. ಅದೂ ಹೇಗೆ? ನನ್ನನ್ನೇ ನೋಡಿಕೊಂಡು!