ಎರಡು ಕ್ಯಾಮೆರಾ, ಒಂದು ಮರ

ಅಳತೆಯಣ್ಣ ದರ್ಜಿ. ಎರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಇಟ್ಟವನಲ್ಲ. ಆ ಹೆಸರು ಬಂದದ್ದೂ ಹಾಗೇ. ಅವತ್ತೊಂದು ದಿನ ಒಂದೇ ಸಲ ಅಳೆದಿದ್ದರೆ ಬಚಾವಾಗುತ್ತಿದ್ದ, ಪಾಪ.

ಸಂಜೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ. ಹೋದ ವರ್ಷ ಅಪ್ಪನ ಹಳೇ ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಅವಳು ಬರೀ ಹೊಗೆಯಾಗಿ ಬಂದಿದ್ದಳು.

"ಈ ಸಲ ನಾನು ಒಂಚೂರೂ ಅಲುಗಾಡಲ್ಲಪ್ಪ. ನೀನು ಒಳ್ಳೇ ಕ್ಯಾಮೆರಾ ತಾ," ಅಂದಿದ್ದಳು. ಅಪ್ಪ ಮಾತು ಕೊಟ್ಟಿದ್ದ.

ಅದೃಷ್ಟಕ್ಕೆ ಅಳತೆಯಣ್ಣನ ಮನೆಯಿದ್ದ ಕಟ್ಟಡದಲ್ಲೇ ಎರಡು ಡಿಜಿಟಲ್ ಕ್ಯಾಮೆರಾ ಮಾರಾಟಕ್ಕಿದ್ದವು. ಕೆಳಮನೆಯ ನಿವೃತ್ತ ಮೇಷ್ಟ್ರದು ಕರೀದು, ದಪ್ಪ. ಮೇಲ್ಮನೆಯ ಹಲ್ಲಿನ ಡಾಕ್ಟ್ರದು ಬಿಳೀದು, ಜೇಬಿಗೆ ಹಿಡಿಸೋವಷ್ಟು.

"ಮೊದಲು ಸಿಕ್ಕಿದ್ದನ್ನ ತಗೊಂಡು ಬನ್ನಿ," ಅಂದಳು ಹೆಂಡತಿ.

"ಹೋಲಿಸಿ ನೋಡದೇನಾ? ಚೆನ್ನಾಗಿ ಹೇಳ್ದೆ!"

ಇಬ್ಬರನ್ನೂ ಅಂಗಳಕ್ಕೆ ಕರೆಸಿದ. ಇಬ್ಬರೂ ತಮ್ಮ ತಮ್ಮದನ್ನೇ ಹೊಗಳಿದ್ದೇ ಹೊಗಳಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋದು ಅಳತೆಯಣ್ಣನಿಗೆ ಗೊತ್ತಿಲ್ಲವೇ? ಅದಕ್ಕೇ ಒಂದು ಉಪಾಯ ಹೂಡಿದ. ಡಾಕ್ಟ್ರ ಕ್ಯಾಮೆರಾದಲ್ಲಿ ಮೇಷ್ಟ್ರ ಫೋಟೊ, ಮೇಷ್ಟ್ರ ಕ್ಯಾಮೆರಾದಲ್ಲಿ ಡಾಕ್ಟ್ರ ಫೋಟೊ ತೆಗೆದ.

"ಪಕ್ಷಪಾತ ಇರಬಾರದು ನೋಡಿ," ಅಂತ ಬೀಗಿದ.

ಮೇಷ್ಟ್ರು ಪುಟ್ಟ ಪರದೆಗೆ ಮೂಗು ತಾಗಿಸಿದರು. "ಅಯ್ಯೋ, ಇದು ನಾನಾ? ಸುಕ್ಕೆಲ್ಲಾ ಎಲ್ಲಿ ಹೋಯ್ತು?"

ಅವರ ಹೆಂಡತಿ ಇಣುಕಿ ನೋಡಿ, "ಮದುವೆ ದಿನಾನೂ ನೀವು ಇಷ್ಟು ಚೆನ್ನಾಗಿರಲಿಲ್ಲ ಬಿಡಿ," ಅಂದರು.

ಡಾಕ್ಟ್ರು ಬೋಳುತಲೆ ಸವರಿಕೊಂಡರು. "ನನ್ನ ಕ್ಯಾಮೆರಾದಲ್ಲಿ ಇದು ಬಲ್ಬಿನ ಹಾಗೆ ಹೊಳೀತಿತ್ತು. ಇಲ್ಲಿ ನೋಡಿ, ಹೊಳಪೇ ಇಲ್ಲ!"

ಅಳತೆಯಣ್ಣ ಹಿಗ್ಗಿಹೋದ. "ಎರಡೂ ಚೆನ್ನಾಗಿವೆ ಅಂತಾಯ್ತು. ಇರಿ, ಹಿಂದೆ ಕಟ್ಟೋಕೆ ಬಿಳೀ ಬಟ್ಟೆ ತರ್ತೀನಿ. ಇನ್ನೊಂದ್ಸಲ ನೋಡೇಬಿಡೋಣ," ಅಂತ ಒಳಗೆ ಓಡಿದ.

ಬಟ್ಟೆ ಹಿಡಿದು ಬಂದಾಗ ಇಬ್ಬರೂ ಕೈ ಕುಲುಕುತ್ತಿದ್ದರು. ಬಿಳೀದು ಮೇಷ್ಟ್ರ ಜೇಬಿನಲ್ಲಿ, ಕರೀದು ಡಾಕ್ಟ್ರ ಕೊರಳಲ್ಲಿ.

"ಬೇಜಾರು ಮಾಡ್ಕೋಬೇಡಪ್ಪಾ, ಅದಲುಬದಲು ಮಾಡ್ಕೊಂಡ್ವಿ," ಅಂದರು ಮೇಷ್ಟ್ರು. "ಇನ್ನು ಮಾರೋ ಮಾತೇ ಇಲ್ಲ."

"ಅಲ್ಲ ಮೇಷ್ಟ್ರೇ, ಇವತ್ತು ಸಂಜೆ ಮಟ್ಟಿಗಾದ್ರೂ ಒಂದನ್ನ..."

"ಸಂಜೆ ನಾವಿಬ್ರೂ ಕೆರೆ ಕಡೆ ಫೋಟೊ ತೆಗೆಯೋಕೆ ಹೊರಟಿದ್ದೀವಲ್ಲ!" ಅಂದರು ಡಾಕ್ಟ್ರು. "ಎಲ್ಲಾ ನಿನ್ನ ಉಪಕಾರ, ಮರೆಯಲ್ಲ."

ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರೆ. ಇಬ್ಬರೂ ರಾಜಿಯಾದರೆ ಮೂರನೆಯವನ ಗತಿಯೇನು ಅಂತ ಅಳತೆಯಣ್ಣನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಹೋದ ಮೇಲೂ ಬಟ್ಟೆ ಹಿಡಿದ ಎರಡೂ ಕೈ ಅಗಲಿಸಿಕೊಂಡು, ಕಣ್ಣು ಪಿಳುಕಿಸದೆ, ಅಂಗಳದ ನಡುವೆ ನಿಂತೇ ಇದ್ದ.

ಮೈತುಂಬಾ ಹಸಿರು ಕಾಗದದ ಎಲೆ ಅಂಟಿಸಿಕೊಂಡು ಮಗಳು ಓಡಿಬಂದಳು. ಅಪ್ಪನ ಸುತ್ತ ಒಂದು ಸುತ್ತು ಬಂದು ಚಪ್ಪಾಳೆ ತಟ್ಟಿದಳು.

"ಅಪ್ಪಾ, ನನಗಿಂತ ನೀನೇ ಚೆನ್ನಾಗಿ ಮರ ಆಗ್ತೀಯ! ಹಾಗೇ ಇರು, ಅಲುಗಾಡ್ಬೇಡ. ಕ್ಯಾಮೆರಾ ಎಲ್ಲಿ?"